ಬಾಟಲಿ ಅತ್ತೆಯ ಉಳಿದರ್ಧ ಈಜು

ಬೀದಿಯವರೆಲ್ಲ ನಮ್ಮ ಅತ್ತೆಯನ್ನು ಬಾಟಲಿ ಅತ್ತೆ ಅಂತಲೇ ಕರೆಯುವುದು. ಹೊಸದಾಗಿ ಬಾಡಿಗೆಗೆ ಬಂದವರು ಆ ಹೆಸರು ಕೇಳಿ ಹುಬ್ಬೇರಿಸಿದರೆ, ನಾನು ಮುಖ ಗಂಟಿಕ್ಕಿಕೊಂಡು, ಹೌದು, ದಿನಕ್ಕೆ ಎರಡು, ರಜಾ ದಿನ ಒಂದೇ, ಎಂದು ಹೇಳಿ ಸುಮ್ಮನಾಗುತ್ತಿದ್ದೆ. ಅವರು ಪಾಪ ಏನು ಬೇಕಾದರೂ ಅಂದುಕೊಳ್ಳಲಿ. ಅತ್ತೆಗೂ ಆ ತಮಾಷೆ ಇಷ್ಟವೇ. ಅವಳ ಬಾಟಲಿಯಲ್ಲಿ ಇರುತ್ತಿದ್ದದ್ದು ನೀರು. ಬೆಳಿಗ್ಗೆ ಎದ್ದು ಕೆರೆಯಿಂದ ಒಂದು ಬಾಟಲಿ, ನಮ್ಮ ಬೀದಿಗಿಂತ ಮೇಲ್ಗಡೆ ನದಿಯಿಂದ ಒಂದು ಬಾಟಲಿ ತುಂಬಿಸಿಕೊಂಡು ನಗರದ ಪ್ರಯೋಗಾಲಯಕ್ಕೆ ಒಯ್ಯುವುದು ಅವಳ ಕೆಲಸ. ಮೂವತ್ತಮೂರು ವರ್ಷ ಅದನ್ನೇ ಮಾಡಿದಳು. ಮದುವೆ ಯಾಕಾಗಲಿಲ್ಲ ಎಂದು ಯಾರಾದರೂ ಕೇಳಿದರೆ, ಬೆಳಿಗ್ಗೆ ಹೊತ್ತು ಪುರುಸೊತ್ತಿರಲಿಲ್ಲ ಅನ್ನುವಳು.

ನಮ್ಮ ಮನೆಯ ಹಿಂಭಾಗದ ಎರಡು ಕೋಣೆ ಅವಳದು. ಅಪ್ಪನ ಕೋಣೆಗೂ ಅವಳ ಕೋಣೆಗೂ ನಡುವೆ ಒಂದೇ ಗೋಡೆ. ಅಪ್ಪ ತಂಗಿಯನ್ನು ಕರೆಯಬೇಕಾದರೆ ಬಾಯಿ ಬಿಡುತ್ತಿರಲಿಲ್ಲ. ಅಂಗೈಯಿಂದ ಗೋಡೆಗೆ ಮೂರು ಸಲ ಬಡಿಯುತ್ತಿದ್ದ. ಅವಳು ಆ ಕಡೆಯಿಂದ ಒಂದು ಸಲ ಬಡಿದರೆ ಕೇಳಿಸಿತು ಅಂತ ಅರ್ಥ. ಚಿಕ್ಕಂದಿನಲ್ಲಿ ನಾನು ಎಲ್ಲರ ಮನೆಯಲ್ಲೂ ಅಣ್ಣ ತಂಗಿಯರು ಹೀಗೇ ಗೋಡೆ ಬಡಿದುಕೊಂಡು ಮಾತಾಡುತ್ತಾರೆ ಎಂದುಕೊಂಡಿದ್ದೆ.

ಈ ಬಡಿತ ಶುರುವಾದದ್ದು ಕೆರೆಯಲ್ಲಿ. ಆಗ ಅತ್ತೆಗೆ ಹನ್ನೊಂದು, ಅಪ್ಪನಿಗೆ ಹದಿನೇಳು. ಕೆರೆಯ ಮೂಡಣ ದಡದಲ್ಲಿ ಕಲ್ಲಿನ ಮೆಟ್ಟಿಲುಗಳಿವೆ. ಅಲ್ಲಿಂದ ನೇರ ನೋಡಿದರೆ, ಸುಮಾರು ನೂರು ಮೀಟರ್ ದೂರದಲ್ಲಿ ನೀರಿನಿಂದ ಮೇಲೆದ್ದ ಒಂದು ಚಪ್ಪಟೆ ಬಂಡೆ. ಬೀದಿಯ ಮಕ್ಕಳಿಗೆಲ್ಲ ಆ ಬಂಡೆಯೇ ಪರೀಕ್ಷೆ. ಅಲ್ಲಿವರೆಗೆ ಈಜಿ, ಒದ್ದೆ ಅಂಗೈಯಿಂದ ಕಲ್ಲಿಗೆ ಮೂರು ಸಲ ಬಡಿಯಬೇಕು. ಮೆಟ್ಟಿಲ ಮೇಲಿದ್ದವರು ಒಂದು ಸಲ ಬಡಿಯಬೇಕು. ಆಗ ಈಜು ಬಂತು ಅಂತ ಲೆಕ್ಕ.

ಅಪ್ಪ ಅವಳಿಗೆ ಈಜು ಕಲಿಸಿದ್ದು ಮೆಟ್ಟಿಲಿನ ಪಕ್ಕದಲ್ಲೇ. ನಾಲ್ಕನೇ ಮೆಟ್ಟಿಲಿನ ಬಳಿ ಪಾದಕ್ಕೆ ತಣ್ಣನೆಯ ನೀರು ತಾಗುತ್ತಿತ್ತಂತೆ, ಯಾರೋ ಕೆಳಗಿನಿಂದ ಊದುತ್ತಿದ್ದ ಹಾಗೆ. ಅತ್ತೆ ಆ ತಂಪನ್ನು ಯಾವಾಗಲೂ ಹೇಳುವಳು. ಒಂದು ಸಂಜೆ ಅವಳು ಬಂಡೆಯ ಕಡೆ ಹೊರಟಳು. ಬಿಸಿಲು ಇಳಿದಿತ್ತು, ನೀರೆಲ್ಲ ತಾಮ್ರದ ಬಣ್ಣವಾಗಿತ್ತು, ತಾನು ನೀರಲ್ಲಿದ್ದೇನೋ ಬೆಳಕಲ್ಲಿದ್ದೇನೋ ತಿಳಿಯಲಿಲ್ಲ ಎನ್ನುತ್ತಾಳೆ. ಅರ್ಧ ದಾರಿಯಲ್ಲಿ ಕೈ ಸೋತಿತು. ಅಪ್ಪನಿಗೆ ಭಯವಾಯಿತು. “ಪುಟ್ಟೀ, ಸಾಕು, ವಾಪಸ್ ಬಾ. ಉಳಿದದ್ದು ನಾಳೆ,” ಎಂದು ಕೂಗಿದ.

ಮರುದಿನ ಹೋದರೆ ಮೆಟ್ಟಿಲಿಗೆ ಬೇಲಿ ಹಾಕಿದ್ದರು. ನದಿಯಲ್ಲಿ ಬಂದ ಹೊಲಸು ಕೆರೆಗೆ ಇಳಿಯುತ್ತಿದೆ, ಯಾರೂ ನೀರು ಮುಟ್ಟಬಾರದು ಎಂದು ಬೋರ್ಡು. ಆ ‘ನಾಳೆ’ ಐವತ್ತು ವರ್ಷ ಬರಲಿಲ್ಲ. ಅತ್ತೆಗೆ ಬೀಳುವ ಕನಸೆಲ್ಲ ಅದೇ ಈಜಿನದು. ಕನಸಿನಲ್ಲಿ ಅವಳು ಹಗುರಾಗಿ ಹೋಗುತ್ತಾಳೆ, ಬಂಡೆ ದೊಡ್ಡದಾಗುತ್ತಾ ಬರುತ್ತದೆ, ಸರಿಯಾಗಿ ಅರ್ಧ ದಾರಿಯಲ್ಲಿ ಯಾರೋ ಕರೆಯುತ್ತಾರೆ, ಎಚ್ಚರವಾಗುತ್ತದೆ. ಎದ್ದ ಮೇಲೂ ಕೂದಲು ಒದ್ದೆಯೇನೋ ಎಂದು ಮುಟ್ಟಿ ನೋಡಿಕೊಳ್ಳುತ್ತಿದ್ದಳು.

ನನಗೆ ನೆನಪಿರುವ ಕೆರೆ ಬೇರೆಯೇ. ಕಪ್ಪು, ದಪ್ಪ, ಮೇಲೆ ನೊರೆ. ಕಿಟಕಿ ತೆರೆದರೆ ಅದರ ನಾತ ಮನೆಯೊಳಗೆ ಬಂದು ಕೂರುತ್ತಿತ್ತು. ಅದರ ಪಕ್ಕದಲ್ಲಿ ಹುಟ್ಟಿದ್ದಕ್ಕೆ ನನಗೆ ಸಿಟ್ಟು ಬರುತ್ತಿತ್ತು. ಸಿಟ್ಟು ನನಗೆ ಮೂಗಿನ ತುದಿಯಲ್ಲೇ ಇರುತ್ತದೆ, ಅದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಅತ್ತೆ ಮಾತ್ರ ದಿನಾ ಆ ಕೊಳಕಿನ ಎದುರು ಮೆಟ್ಟಿಲ ಮೇಲೆ ಕೂತು, ಬಾಟಲಿಯನ್ನು ಕೋಲಿಗೆ ಕಟ್ಟಿ ಇಳಿಬಿಟ್ಟು, ತುಂಬಿದ ಮೇಲೆ ಬೆಳಕಿಗೆ ಹಿಡಿದು ನೋಡುವಳು. ಕಾಯಿಲೆಯ ಮಗುವಿನ ನಾಲಿಗೆ ನೋಡುವ ತಾಯಿಯ ಹಾಗೆ.

ಕೆರೆಯ ನಡುವಿನಿಂದ, ದೋಣಿಯಲ್ಲಿ ಹೋಗಿ ನೀರು ತೆಗೆಯಬೇಕು ಎಂದು ಇಲಾಖೆಯ ನಿಯಮವಿತ್ತು. ಆದರೆ ದೋಣಿ ಅವಳು ಕೆಲಸಕ್ಕೆ ಸೇರಿದ ನಾಲ್ಕನೇ ವರ್ಷ ಕೊಳೆತು ಮುಳುಗಿತು. ಹೊಸದು ಬೇಕೆಂದು ಬರೆದಳು. ಬರುತ್ತೆ, ಸದ್ಯಕ್ಕೆ ದಡದಿಂದಲೇ ತೆಗೀರಿ ಎಂದರು. ಆ ಸದ್ಯಕ್ಕೆ ಎಂಬುದು ಇಪ್ಪತ್ತೊಂಬತ್ತು ವರ್ಷ ನಡೆಯಿತು. ದಡ ಎಂದರೆ ಅವಳಿಗೆ ಇನ್ನೆಲ್ಲಿ? ಬೇಲಿಯ ಬೀಗದ ಕೈ ಅವಳ ಹತ್ತಿರವೇ ಇತ್ತು. ಮೂಡಣ ಮೆಟ್ಟಿಲು, ನಾಲ್ಕನೆಯದು.

ಆಮೇಲೆ ಕಾಲ ಬದಲಾಯಿತು. ನದಿ ಮತ್ತು ಕೆರೆಯನ್ನು ಶುದ್ಧ ಮಾಡಿ ಜನರಿಗೆ ಈಜಲು, ದೋಣಿ ಬಿಡಲು, ಸುಮ್ಮನೆ ಕೂರಲು ಬಿಟ್ಟುಕೊಡಬೇಕೆಂದು ದೊಡ್ಡ ಯೋಜನೆ ಬಂತು. ನದಿಗೆ ಬೀಳುತ್ತಿದ್ದ ಚರಂಡಿಗಳನ್ನು ತಿರುಗಿಸಿದರು. ನದಿಯ ಎರಡೂ ದಡಕ್ಕೆ ಕಲ್ಲು ಕಟ್ಟಿ ನಡೆಯುವ ದಾರಿ ಮಾಡಿದರು. ಮೂರು ವರ್ಷ ಯಂತ್ರಗಳು ಕೆರೆಯ ಹೂಳು ಎತ್ತಿದವು. ನದಿ ಬಂದು ಸೇರುವ ಪಡುವಣ ದಡದಲ್ಲಿ ಮಕ್ಕಳು ಆಡಲೆಂದು ಮರಳು ಹರಡಿದರು. ನೀರು ಮೊದಲು ಕಂದಾಯಿತು, ಆಮೇಲೆ ಹಸಿರಾಯಿತು, ಒಂದು ಬೆಳಿಗ್ಗೆ ನೋಡಿದರೆ ಅದರಲ್ಲಿ ಮೋಡವಿತ್ತು. ನಾನು ಬ್ರಷ್ ಕೈಯಲ್ಲಿ ಹಿಡಿದುಕೊಂಡೇ ನಿಂತುಬಿಟ್ಟೆ. ನಲವತ್ತು ವರ್ಷದಲ್ಲಿ ಮೊದಲ ಸಲ ನಮ್ಮ ಕೆರೆಯಲ್ಲಿ ಮೋಡ ನೋಡಿದೆ.

ಬ್ರಷ್ ಯಾಕೆಂದರೆ ನಾನು ಬಣ್ಣ ಬಳಿಯುವವಳು. ಬಾಗಿಲು, ಬೆಂಚು, ಅಂಗಡಿ ಬೋರ್ಡು, ಏನಾದರೂ ಸರಿ. ಕೆರೆಗೆ ಬಂದ ಹನ್ನೆರಡು ದೋಣಿಗಳಿಗೆ ಬಣ್ಣ ಬಳಿಯುವ ಕೆಲಸ ನನಗೇ ಸಿಕ್ಕಿತ್ತು. ಗೇಟಿನ ದೊಡ್ಡ ಬೋರ್ಡೂ ನನ್ನದೇ. ನೀಲಿಯ ಮೇಲೆ ಬಿಳಿ ಅಕ್ಷರದಲ್ಲಿ ಕೆರೆ ತೆರೆಯುವ ದಿನಾಂಕ ಬರೆದೆ. ಎಷ್ಟು ಚೆನ್ನಾಗಿ ಬಂದಿತ್ತೆಂದರೆ, ದಾರಿಯ ಆಚೆ ಹೋಗಿ ನಾಲ್ಕು ಸಲ ನೋಡಿ ಬಂದೆ.

ಅತ್ತೆಯ ಬಾಟಲಿಗಳೂ ತಿಂಗಳಿಂದ ತಿಂಗಳಿಗೆ ಚೆನ್ನಾಗುತ್ತಾ ಬಂದವು. ಯೋಜನೆಯ ಇಂಜಿನಿಯರ್ ಪ್ರತಿ ವರದಿ ನೋಡಿ ನಂಬಲಾರದೆ ಫೋನ್ ಮಾಡುತ್ತಿದ್ದರಂತೆ. ಅತ್ತೆ ನಗರಸಭೆಯ ಈಜುಕೊಳಕ್ಕೆ ಹೋಗತೊಡಗಿದಳು. ಕೊಳ ಇಪ್ಪತ್ತೈದು ಮೀಟರ್. ಆ ತುದಿಯಿಂದ ಈ ತುದಿಗೆ ನಾಲ್ಕು ಸಲ ಹೋದರೆ ಬಂಡೆಯ ದೂರ. ಔಷಧಿ ವಾಸನೆಯ ಆ ನೀರಿನಲ್ಲಿ ಅವಳು ನಾಲ್ಕು ಸಲ ಹೋಗಿ, ಐದನೆಯದಕ್ಕೆ ಬಾಯಲ್ಲಿ ಚಾಕೊಲೇಟ್ ಇಟ್ಟರೂ ಹೋಗುತ್ತಿರಲಿಲ್ಲ. ದರ್ಜಿಯ ಹತ್ತಿರ ಮೊಣಕಾಲು ಮುಚ್ಚುವ ಕಡುನೀಲಿ ಈಜುಡುಗೆ ಹೊಲಿಸಿದಳು. ತೊಟ್ಟುಕೊಂಡು ಬಂದು ಅಪ್ಪನ ಮುಂದೆ ನಿಂತಾಗ ಅವನು ನಕ್ಕು ನಕ್ಕು ಕೆಮ್ಮಿದ.

ಆ ಕೆಮ್ಮೇ ತೊಂದರೆ. ಅಪ್ಪನ ಶ್ವಾಸಕೋಶ ಹಾಳಾಗಿತ್ತು. ಈ ಬೇಸಿಗೆ ಪರವಾಗಿಲ್ಲ, ಮುಂದಿನದರ ಮಾತು ಕೊಡಲಾರೆ ಎಂದು ಡಾಕ್ಟರು ನನಗೂ ಅತ್ತೆಗೂ ಹೇಳಿದ್ದರು. ಅಪ್ಪನಿಗೆ ಯಾರೂ ಹೇಳಿರಲಿಲ್ಲ, ಅವನಿಗೆ ಗೊತ್ತಿತ್ತು. ಅವನಿಗೆ ಉಳಿದಿದ್ದ ಆಸೆ ಒಂದೇ. ಮೆಟ್ಟಿಲ ಮೇಲೆ ಕೂರಬೇಕು, ತಂಗಿ ಬಂಡೆ ಮುಟ್ಟಿ ಬಡಿಯುವುದನ್ನು ಕೇಳಬೇಕು. ಕುರ್ಚಿಯಲ್ಲಿ ಕೂರಿಸಿ ಅಲ್ಲಿಗೆ ಹೊತ್ತೊಯ್ಯಲು ನಾನು ಇಬ್ಬರಿಗೆ ಹೇಳಿಯೂ ಇಟ್ಟಿದ್ದೆ.

ತೆರೆಯಲು ಇನ್ನು ಹನ್ನೊಂದು ದಿನ. ಅತ್ತೆ ಕೊನೆಯ ವರದಿಯ ಬಾಟಲಿಗೆ ಹೋದಳು. ಮಂಜು ಕವಿದು ಬಂಡೆ ಕಾಣಿಸುತ್ತಿರಲಿಲ್ಲವಂತೆ. ಕೆರೆ ಇನ್ನೂ ನಿದ್ದೆಯಲ್ಲಿತ್ತು. ಯಾರೂ ಇಲ್ಲದ್ದು ನೋಡಿ ಕೋಲು ಬದಿಗಿಟ್ಟು, ಚಪ್ಪಲಿ ಕಳಚಿ, ಐವತ್ತು ವರ್ಷದ ಹತ್ತಿರ ಮುಟ್ಟದಿದ್ದ ನೀರಿಗೆ ಕಾಲಿಟ್ಟಳು. ನಾಲ್ಕನೇ ಮೆಟ್ಟಿಲಲ್ಲಿ ಪಾದಕ್ಕೆ ತಂಪು ತಾಗಿತು. ಅದೇ ತಂಪು, ಅದೇ ಜಾಗ. ಹೂಳಿನಡಿ ಮುಚ್ಚಿಹೋಗಿದ್ದ ಒರತೆ ಮತ್ತೆ ತೆರೆದುಕೊಂಡಿತ್ತು. ಅಲ್ಲೇ ನಿಂತು ಸ್ವಲ್ಪ ಹೊತ್ತು ಅತ್ತಳಂತೆ. ಆಮೇಲೆ ಆರು ಹೆಜ್ಜೆ ಪಕ್ಕಕ್ಕೆ ಹೋದಳು. ನೀರು ಬೆಚ್ಚಗಿತ್ತು. ವಾಪಸ್ ಬಂದಳು, ತಣ್ಣಗಿತ್ತು. ಆಗ ಅವಳಿಗೆ ಹೊಳೆಯಿತು. ಇಷ್ಟು ದಿನ ತಾನು ಬಾಟಲಿಗೆ ತುಂಬಿಸಿಕೊಂಡು ಹೋದದ್ದು ಕೆರೆಯ ನೀರಲ್ಲ, ಒರತೆಯ ನೀರು.

ಹೂಳು ಇದ್ದಾಗ ಎಲ್ಲಿಂದ ತೆಗೆದರೂ ಒಂದೇ ಆಗಿತ್ತು. ಹೂಳು ಹೋದ ಮೇಲೆ ಇಡೀ ಕೆರೆಯಲ್ಲಿ ಅತಿ ಶುದ್ಧವಾದ ಒಂದು ಮೊಳ ಜಾಗಕ್ಕೆ ಅವಳು ದಿನಾ ಬಾಟಲಿ ಇಳಿಬಿಟ್ಟಿದ್ದಳು. ಬೇರೆ ಯಾರಾದರೂ ಆಗಿದ್ದರೆ ಎಲ್ಲೋ ಒಂದು ಕಡೆ ಮುಳುಗಿಸಿ ಹೋಗುತ್ತಿದ್ದರು. ಪ್ರೀತಿಯಿಂದ ಕೆಲಸ ಮಾಡಿ ಕೆಡಿಸುವುದು ನಮ್ಮ ಅತ್ತೆಗೆ ಮಾತ್ರ ಸಾಧ್ಯ. ಅಂದೇ ಅವಳು ಪಡುವಣ ದಡಕ್ಕೆ ನಡೆದು, ಮಕ್ಕಳ ಮರಳಿನ ಹತ್ತಿರ ಇನ್ನೊಂದು ಬಾಟಲಿ ತುಂಬಿಸಿದಳು. ಪ್ರಯೋಗಾಲಯದಲ್ಲಿ ಯಾರಿಗೂ ಹೇಳದೆ ತಾನೇ ಪರೀಕ್ಷೆಗೆ ಇಟ್ಟಳು. ಫಲಿತಾಂಶಕ್ಕೆ ಎರಡು ದಿನ ಬೇಕು. ಆ ಎರಡು ದಿನ ಅವಳು ಈಜುಕೊಳಕ್ಕೆ ಹೋಗಲಿಲ್ಲ.

ಮೂರನೇ ದಿನ ಸಂಜೆ ಅಪ್ಪನ ಕಿಟಕಿಯ ಕಟ್ಟೆಯ ಮೇಲೆ ಎರಡು ಬಾಟಲಿ ಇಟ್ಟು ಅವನ ಮಂಚದ ಅಂಚಿಗೆ ಕೂತಳು. ಉಳಿದ ನೀರು ಎರಡರಲ್ಲೂ ಅರ್ಧರ್ಧ ಇತ್ತು. ಇಳಿಬಿಸಿಲು ಅವುಗಳ ಒಳಗಿಂದ ಹಾದು ಗೋಡೆಯ ಮೇಲೆ ಎರಡು ಬೆಳಕಿನ ಮಚ್ಚೆ ಮೂಡಿಸಿತ್ತು. ಎರಡೂ ಒಂದೇ ತರ ಸ್ವಚ್ಛ, ಎರಡೂ ಒಂದೇ ತರ ನಡುಗುತ್ತಿದ್ದವು. ಒಂದರಲ್ಲಿ ಏನೂ ಇಲ್ಲ, ಇನ್ನೊಂದರಲ್ಲಿ ಮಕ್ಕಳನ್ನು ಆಸ್ಪತ್ರೆಗೆ ಸೇರಿಸುವಷ್ಟು ರೋಗವಿದೆ ಎಂದು ಹೇಳಿ, ಯಾವುದು ಯಾವುದೆಂದು ಅವಳೇ ತೋರಿಸಿದಳು.

“ಅಣ್ಣ, ಎರಡನೇದನ್ನ ಚೆಲ್ಲಿಬಿಟ್ರೆ ಯಾರಿಗೂ ಗೊತ್ತಾಗಲ್ಲ,” ಎಂದಳು.

“ಗೊತ್ತಾಗಲ್ಲ,” ಎಂದ ಅಪ್ಪ.

“ಹೇಳಿದ್ರೆ ಒಂದು ವರ್ಷ ಮುಂದಕ್ಕೆ ಹೋಗುತ್ತೆ. ಎರಡೂ ಆಗ್ಬಹುದು. ನೀನು ಮೆಟ್ಟಿಲ ಮೇಲೆ ಇರಲ್ಲ.”

ಅಪ್ಪ ಗೋಡೆಯ ಬೆಳಕನ್ನು ನೋಡುತ್ತಾ ಉಸಿರು ಕೂಡಿಸಿಕೊಂಡ. “ಮಕ್ಕಳು ಬಾಯಿ ತೆಗೆದೇ ಈಜೋದು ಪುಟ್ಟಿ. ನೀನೂ ಹಾಗೇ ಈಜ್ತಿದ್ದೆ. ಅರ್ಧ ಕೆರೆ ಕುಡಿದು ಬರ್ತಿದ್ದೆ.” ಆಮೇಲೆ ಅವಳ ಕೈ ಮೇಲೆ ಕೈ ಇಟ್ಟ. “ಅವತ್ತು ವಾಪಸ್ ಕರೆದೋನು ನಾನೇ ಅಲ್ವಾ? ಇವತ್ತೂ ನಾನೇ ಕರೀತೀನಿ. ವಾಪಸ್ ಬಾ.”

ಬಾಗಿಲಲ್ಲಿ ನಿಂತಿದ್ದ ನನ್ನ ಮೈಯೆಲ್ಲ ಉರಿದುಹೋಯಿತು. ಯಾರ ಮೇಲೆ ಸಿಟ್ಟು ಮಾಡಬೇಕೋ ತಿಳಿಯದೆ ಇಬ್ಬರ ಮೇಲೂ ಮಾಡಿದೆ. ಐವತ್ತು ವರ್ಷ ಕಾದ ಮೇಲೆ ಈ ಎಂಟು ದಿನಕ್ಕೆ ಸತ್ಯ ನೆನಪಾಯಿತೇ, ಅಪ್ಪನ ಎದೆಯೊಳಗಿನ ಲೆಕ್ಕ ಯಾರು ನೋಡುತ್ತಾರೆ ಎಂದು ಅತ್ತೆಯ ಮುಖಕ್ಕೇ ಹೇಳಿದೆ. ಅವಳು ಬಾಟಲಿಗಳ ಬಿರಡೆ ಬಿಗಿ ಮಾಡಿದಳು. ಮರುದಿನ ಎರಡೂ ಬಾಟಲಿ ತೆಗೆದುಕೊಂಡು ಹೋಗಿ ಇಂಜಿನಿಯರ ಮೇಜಿನ ಮೇಲಿಟ್ಟಳು. ತಪ್ಪು ನನ್ನದು ಎಂದು ಬರೆದು ಸಹಿ ಮಾಡಿದಳು. ಅವರು ತಲೆ ಮೇಲೆ ಕೈ ಹೊತ್ತು ಕೂತರಂತೆ. ಆದರೆ ಮಧ್ಯಾಹ್ನದೊಳಗೆ ಕೆರೆ ತೆರೆಯುವುದನ್ನು ನಿಲ್ಲಿಸಿದರು, ಅದಕ್ಕೆ ಅವರನ್ನು ಮೆಚ್ಚಬೇಕು. ಪಡುವಣ ದಡಕ್ಕೆ ನದಿಯಲ್ಲೇ ಏನೋ ಬರುತ್ತಿದೆ, ಎಲ್ಲಿಂದ ಎಂದು ಮೊದಲು ಹುಡುಕಬೇಕು ಎಂದರು.

ಬೋರ್ಡಿನ ಮೇಲಿನ ದಿನಾಂಕ ಅಳಿಸು ಎಂದು ನನಗೆ ಹೇಳಿ ಕಳಿಸಿದರು. ಹೋದೆ. ನನ್ನ ಕೈಯಾರೆ ಬರೆದ ಅಷ್ಟು ಚೆಂದದ ಅಂಕಿಗಳ ಮೇಲೆ ನೀಲಿ ಬಳಿದೆ. ಅತ್ತೆಯ ಜೊತೆ ಮಾತು ಬಿಟ್ಟು ಆಗಲೇ ನಾಲ್ಕು ದಿನವಾಗಿತ್ತು. ಮನೆಗೆ ಬಂದು ಹಿತ್ತಲ ನಲ್ಲಿಯಲ್ಲಿ ಬ್ರಷ್ಷು, ಡಬ್ಬಿ ತೊಳೆದೆ. ಸಿಟ್ಟಿನಲ್ಲಿ ಉಳಿದಿದ್ದ ಬಣ್ಣವನ್ನೂ ಮೋರಿಗೆ ಸುರಿದೆ. ನೀಲಿ ನೀರು ಸುಳಿ ಸುತ್ತಿ ಇಳಿದುಹೋಯಿತು.

ಅದೇ ಹೊತ್ತಿಗೆ ಅತ್ತೆ ನದಿಯ ದಡದಲ್ಲಿ ಬಾಟಲಿಗಳನ್ನಿಟ್ಟುಕೊಂಡು ಕೂತಿದ್ದಳು. ಹೊಸದಾಗಿ ಕಟ್ಟಿದ ಕಲ್ಲಿನ ದಡದ ಸಂದಿಯಿಂದ, ನೀರಿನ ಮಟ್ಟಕ್ಕೆ ಸರಿಯಾಗಿ, ಒಂದು ನೀಲಿ ಎಳೆ ಹೊರಗೆ ಬಂತು. ನೂಲಿನಷ್ಟು ತೆಳ್ಳಗೆ ಬಂದು, ನೀರಲ್ಲಿ ಬಿಚ್ಚಿಕೊಂಡು, ಸೆರಗಿನಷ್ಟು ಅಗಲವಾಗಿ, ನಿಧಾನವಾಗಿ ಕೆರೆಯ ಕಡೆ ಹೋಯಿತು. ತನಗೆ ಕನಸು ಬೀಳುತ್ತಿದೆ ಎಂದೇ ಅವಳು ಅಂದುಕೊಂಡಳಂತೆ. ಆಮೇಲೆ ಆ ನೀಲಿಯ ಗುರುತು ಹತ್ತಿತು.

ಮನೆಗೆ ಬಂದವಳು ಹಿತ್ತಲಿಗೆ ನಡೆದು, ಮೋರಿಯ ಅಂಚಿಗೆ ಅಂಟಿದ್ದ ಬಣ್ಣವನ್ನು ಬೆರಳಿಂದ ಮುಟ್ಟಿ ನೋಡಿದಳು. “ಇನ್ನೊಂದು ಸಲ ಸುರಿ,” ಎಂದಳು. ನಾಲ್ಕು ದಿನದ ಮೇಲೆ ಅವಳು ನನಗೆ ಆಡಿದ ಮೊದಲ ಮಾತು ಅದು. ಹೊಸ ಡಬ್ಬಿ ಒಡೆದೆ. ಸುರಿದೆ. ನದಿಗೆ ಓಡಿದೆವು. ಅರ್ಧ ಗಂಟೆಯ ಮೇಲೆ ನೀಲಿ ಬಂತು. ನಮ್ಮ ಬೀದಿಯ ನಲವತ್ತು ಮನೆಯ ಒಳಚರಂಡಿ ಹೊಸ ಕೊಳವೆಗೆ ಸೇರಿದೆ ಎಂದು ಕಾಗದದಲ್ಲಿತ್ತು. ನಿಜದಲ್ಲಿ ಹಳೆಯ ಕೊಳವೆಯ ಬಾಯಿಗೆ ಅಡ್ಡವಾಗಿ ಚೆಂದದ ಕಲ್ಲಿನ ದಡ ಕಟ್ಟಿ ಮುಚ್ಚಿಟ್ಟಿದ್ದರು. ಅಂದರೆ ಕೆರೆಯನ್ನು ಕೆಡಿಸುತ್ತಿದ್ದವರು ನಾವೇ. ನಾನು ಬೈಯುತ್ತಾ ಬಾಗಿಲು ಹಾಕಿಕೊಂಡು ಹೋದ ಬಚ್ಚಲಿನ ನೀರೂ ಅದರಲ್ಲಿತ್ತು. ನನಗೆ ಅಳು ಬಂತು, ನಗುವೂ ಬಂತು. ಅತ್ತೆ ನನ್ನ ನೀಲಿ ಬೆರಳುಗಳನ್ನು ಹಿಡಿದುಕೊಂಡು ಕೂತಿದ್ದಳು.

ಬೀದಿ ಅಗೆದು, ದಡ ಒಡೆದು, ಕೊಳವೆ ಜೋಡಿಸಿ, ಮತ್ತೆ ಕಟ್ಟಲು ಒಂದೂವರೆ ವರ್ಷ ಹಿಡಿಯಿತು. ಅತ್ತೆಗೆ ಅಷ್ಟರಲ್ಲಿ ನಿವೃತ್ತಿಯಾಯಿತು. ಆದರೂ ಬೆಳಿಗ್ಗೆ ಏಳುವುದು ಬಿಡಲಿಲ್ಲ. ಈಗ ಹೊಸ ನಿಯಮದಂತೆ ಏಳು ಕಡೆಯಿಂದ ನೀರು ತೆಗೆಯಬೇಕಿತ್ತು. ಹೊಸಬನಿಗೆ ಜಾಗಗಳನ್ನು ತೋರಿಸುವ ನೆಪದಲ್ಲಿ ಮೂರನೇ ನಂಬರ್ ದೋಣಿಯಲ್ಲಿ ಕೂರುವಳು, ಹುಟ್ಟು ಹಾಕುವವಳು ನಾನು. ಮಂಜಿನೊಳಗೆ ದಡವೂ ಇಲ್ಲ, ಆಕಾಶವೂ ಇಲ್ಲ, ಹುಟ್ಟಿನ ಸದ್ದು ಮಾತ್ರ. ಅವಳು ಅಲ್ಲೇ ತೂಕಡಿಸಿಬಿಡುತ್ತಿದ್ದಳು. ಬಂಡೆಯ ಹತ್ತಿರ ಹೋಗೋಣವೇ ಎಂದು ಒಂದು ಸಲ ಕೇಳಿದೆ. ದೋಣಿಯಲ್ಲಿ ಹೋದರೆ ಲೆಕ್ಕಕ್ಕಿಲ್ಲ ಎಂದಳು.

ಅಪ್ಪ ಡಾಕ್ಟರು ಹೇಳಿದ್ದಕ್ಕಿಂತ ಹೆಚ್ಚು ದಿನ ಇದ್ದ. ಕೊಳವೆ ಜೋಡಿಸಿದ ಸುದ್ದಿ ಕೇಳಿದ. ದಡ ಕಟ್ಟುವವರೆಗೆ ಇರಲಿಲ್ಲ. ಮಳೆ ನಿಂತ ಒಂದು ಮಧ್ಯಾಹ್ನ ಅತ್ತೆ ತನ್ನ ಕೋಣೆಯಲ್ಲಿ ಬಟ್ಟೆ ಮಡಿಸುತ್ತಾ, ಇವತ್ತು ಗೋಡೆ ಯಾಕೆ ಸುಮ್ಮನಿದೆ ಎಂದು ನನ್ನನ್ನು ಕೇಳಿದಳು. ನಾನು ಹೋಗಿ ನೋಡಿದೆ. ಅವನ ಅಂಗೈ ಗೋಡೆಗೆ ಆನಿಕೊಂಡಿತ್ತು.

ಆಮೇಲೆ ಎಷ್ಟೋ ದಿನ ಅತ್ತೆ ಈಜುಡುಗೆಯನ್ನು ಕಪಾಟಿನಿಂದ ತೆಗೆಯಲಿಲ್ಲ. ಏಳೂ ಬಾಟಲಿ ಚೆನ್ನಾಗಿ ಬಂದ ದಿನ ಇಂಜಿನಿಯರ್ ತಾವೇ ಮನೆಗೆ ಬಂದರು. ಸಮಾರಂಭ ಹತ್ತು ಗಂಟೆಗೆ ಪಡುವಣ ದಡದಲ್ಲಿ, ಅದಕ್ಕೆ ಮೊದಲು ಮೂಡಣ ಮೆಟ್ಟಿಲಿನ ಬೇಲಿ ತೆಗೆಸಿರುತ್ತೇನೆ, ಮೊದಲ ಈಜು ನಿಮ್ಮದು ಎಂದರು. ಅತ್ತೆ ಯೋಚಿಸಿ ಹೇಳುತ್ತೇನೆ ಎಂದಳು. ಅವರು ಹೋದ ಮೇಲೆ, ಯಾರಿಗೆ ಅಂತ ಈಜಲಿ ಎಂದು ನನ್ನನ್ನು ಕೇಳಿದಳು. ಗೇಟಿಗೆ ಹೋಗಿ ಬೋರ್ಡಿನ ಮೇಲೆ ಹೊಸ ದಿನಾಂಕ ಬರೆದು ಬಂದೆ.

ಆ ಬೆಳಿಗ್ಗೆ ಅವಳೇ ಬಂದು ನನ್ನನ್ನು ಎಬ್ಬಿಸಿದಳು. ಕಡುನೀಲಿ ಉಡುಗೆ ತೊಟ್ಟು ಮೇಲೆ ಟವೆಲ್ ಹೊದ್ದಿದ್ದಳು. ಮೆಟ್ಟಿಲಿಗೆ ಹೋದಾಗ ಸೂರ್ಯ ಆಗಷ್ಟೇ ಎದ್ದಿದ್ದ. ಕಾವಲಿನ ಈಜುಗಾರ ದೋಣಿ ಕಟ್ಟಿ ಕಾದಿದ್ದ. ಅತ್ತೆ ನಾಲ್ಕನೇ ಮೆಟ್ಟಿಲಲ್ಲಿ ಒಂದು ಕ್ಷಣ ನಿಂತಳು. ತಣ್ಣಗಿದೆ ಎಂದಳು, ಹೊರಟಳು.

ನಾನು ಅಪ್ಪ ಕೂರಬೇಕಿದ್ದ ಜಾಗದಲ್ಲಿ ಕೂತೆ. ನೀರು ಗಾಜಿನಂತಿರಲಿಲ್ಲ, ಸ್ವಲ್ಪ ಹಸಿರಾಗಿತ್ತು, ಜೀವ ಇರುವ ನೀರಿನ ಹಾಗೆ. ಅವಳ ಬಿಳಿ ತಲೆ ಸಣ್ಣದಾಗುತ್ತಾ ಹೋಯಿತು. ಬಾಯಿ ತೆಗೆದೇ ಈಜುತ್ತಿದ್ದಳು. ಅರ್ಧ ದಾರಿಯಲ್ಲಿ ನಿಂತಳು. ತೇಲುತ್ತಾ ಹಿಂದೆ ತಿರುಗಿ ಮೆಟ್ಟಿಲ ಕಡೆ ನೋಡಿದಳು. ಯಾರನ್ನು ಹುಡುಕುತ್ತಿದ್ದಾಳೆಂದು ನನಗೆ ಗೊತ್ತಿತ್ತು. ಅರವತ್ತೊಂದು ವಯಸ್ಸು, ಕೈ ಸೋತಿರಬಹುದು. ಕಾವಲಿನವನು ದೋಣಿಯ ಹಗ್ಗಕ್ಕೆ ಕೈ ಹಾಕಿದ. ಸಾಕು ಅತ್ತೆ, ವಾಪಸ್ ಬಾ ಎಂಬ ಮಾತು ನನ್ನ ನಾಲಿಗೆಯ ಮೇಲಿತ್ತು.

ಅವನ ತೋಳು ಹಿಡಿದು ಕೂರಿಸಿದೆ. ಜೀವನದಲ್ಲಿ ಒಂದು ಸಲವಾದರೂ ಬಾಯಿ ಮುಚ್ಚಿಕೊಂಡೆ.

ಯಾರೂ ಕರೆಯಲಿಲ್ಲ. ಅತ್ತೆ ಇನ್ನೂ ಸ್ವಲ್ಪ ಹೊತ್ತು ಕಾದಳು. ಆಮೇಲೆ ಬಂಡೆಯ ಕಡೆ ತಿರುಗಿದಳು. ಎಳೆ ಬಿಸಿಲಿಗೆ ಹೊಳೆಯುತ್ತಾ ಮಂಜು ಸರಿದು ಬಂದು ಅವಳಿದ್ದ ಜಾಗವನ್ನೆಲ್ಲ ತುಂಬಿ ಏನೂ ಕಾಣದಂತಾಯಿತು. ಕಣ್ಣು ಕಿರಿದು ಮಾಡಿ ನೋಡಿದೆ, ಹೊಳೆಯುವ ಬಿಳುಪು ಬಿಟ್ಟರೆ ಏನೂ ಇಲ್ಲ. ಎಷ್ಟು ಹೊತ್ತಾಯಿತೋ. ಆಗ ನೀರಿನ ಮೇಲಿನಿಂದ ಸದ್ದು ಬಂತು, ಒದ್ದೆ ಅಂಗೈ ಕಲ್ಲಿಗೆ ಬಡಿದ ಸದ್ದು. ಒಂದು. ಎರಡು. ಮೂರು.

ನಾನು ಬಗ್ಗಿ ಕೈ ಒದ್ದೆ ಮಾಡಿಕೊಂಡು, ಅಪ್ಪನ ಮೆಟ್ಟಿಲಿಗೆ ಒಂದು ಸಲ ಬಡಿದೆ.